ಎಂಟು ವರ್ಷದ ಕಡತ, ಮೂವತ್ತು ವರ್ಷದ ಕಾಯಿಲೆ

2004ರ ಜುಲೈನಲ್ಲಿ ಬ್ರಿಟನ್ ಸರ್ಕಾರ ಸ್ಕಿಪ್ಟನ್ ಫಂಡ್ ಎಂಬ ನಿಧಿಯನ್ನು ತೆರೆಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಏರಿಸಿದ ರಕ್ತದಿಂದಲೋ ರಕ್ತದಿಂದ ತಯಾರಿಸಿದ ಔಷಧದಿಂದಲೋ ಹೆಪಟೈಟಿಸ್ ಸಿ ತಗುಲಿದವರಿಗೆ 20,000 ಪೌಂಡ್. ಲಿವರ್ ಸಿರೋಸಿಸ್ ಹಂತ ಮುಟ್ಟಿದ್ದರೆ ಇನ್ನೂ 25,000. ರಕ್ತ ಏರಿಸಿದ್ದು 1991ರ ಸೆಪ್ಟೆಂಬರಿಗೆ ಮೊದಲು ಆಗಿರಬೇಕಿತ್ತು, ಏಕೆಂದರೆ ದಾನಿಗಳ ರಕ್ತದಲ್ಲಿ ಈ ವೈರಸ್ ಇದೆಯೇ ಎಂದು ಬ್ರಿಟನ್ ಪರೀಕ್ಷಿಸತೊಡಗಿದ್ದು ಆ ತಿಂಗಳಿನಿಂದ. ಅರ್ಜಿದಾರರು ತೋರಿಸಬೇಕಾದದ್ದು ಸರಳವಾಗಿಯೇ ಇತ್ತು: ಇಂಥ ಆಸ್ಪತ್ರೆಯಲ್ಲಿ, ಇಂಥ ವರ್ಷ ನನಗೆ ರಕ್ತ ಕೊಟ್ಟರು.

ಹಿಮೋಫೀಲಿಯಾ ಇದ್ದವರಿಗೆ ಇದು ಕಷ್ಟವಾಗಲಿಲ್ಲ. ಹೆರಿಗೆಯಲ್ಲಿ, ಅಪಘಾತದಲ್ಲಿ, ಶಸ್ತ್ರಚಿಕಿತ್ಸೆಯಲ್ಲಿ ಒಂದೆರಡು ಬಾಟಲಿ ರಕ್ತ ಏರಿಸಿಕೊಂಡು ಮನೆಗೆ ಹೋದವರಿಗೆ ಕಷ್ಟವಾಯಿತು. ಅವರು ಆಸ್ಪತ್ರೆಗೆ ಬರೆದರು. ಎಷ್ಟೋ ಮಂದಿಗೆ ಬಂದ ಉತ್ತರ ಒಂದೇ ತೆರನಾದದ್ದು: ಕಡತವನ್ನು ನಿಯಮಾನುಸಾರ ನಾಶಪಡಿಸಲಾಗಿದೆ. ಕನ್ನಡದ ಸರ್ಕಾರಿ ಪತ್ರಗಳಲ್ಲಿ ಈ ‘ಲಾಗಿದೆ’ ಎಷ್ಟು ಸಲೀಸಾಗಿ ಬಂದು ಕೂರುತ್ತದೋ ಇಂಗ್ಲಿಷ್ ಕಚೇರಿ ಪತ್ರಗಳಲ್ಲೂ ಅದರ ಜೋಡಿ ರೂಪ ಅಷ್ಟೇ ಸಲೀಸಾಗಿ ಬರುತ್ತದೆ. ಯಾರು ನಾಶಮಾಡಿದರು, ಯಾವಾಗ, ಏನೇನು ಎಂಬ ಮೂರು ಪ್ರಶ್ನೆಗಳನ್ನು ಆ ಒಂದು ಪ್ರತ್ಯಯ ನುಂಗಿಬಿಡುತ್ತದೆ. ಬಹಳ ಸಲ ಉತ್ತರ ಬರೆದ ಗುಮಾಸ್ತರಿಗೂ ಅದು ತಿಳಿದಿರಲಿಲ್ಲ. ರೋಗಿ ಮಲಗಿದ್ದ ಆಸ್ಪತ್ರೆ ಅಷ್ಟರಲ್ಲಿ ಇನ್ನೊಂದರಲ್ಲಿ ವಿಲೀನವಾಗಿ, ಅದು ಮತ್ತೊಂದರಲ್ಲಿ ಸೇರಿ, ನಾಶಮಾಡಿದ ಕಡತಗಳ ಪಟ್ಟಿಯೂ ಕಳೆದುಹೋಗಿರುತ್ತಿತ್ತು.

ನಿಯಮ ಹೇಳುವುದನ್ನು ಲೆಕ್ಕ ಹಾಕಿ ನೋಡಬಹುದು. ಇಂಗ್ಲೆಂಡಿನಲ್ಲಿ ವಯಸ್ಕ ರೋಗಿಯ ಸಾಮಾನ್ಯ ಆಸ್ಪತ್ರೆ ಕಡತವನ್ನು ಚಿಕಿತ್ಸೆ ಮುಗಿದ ಮೇಲೆ ಕನಿಷ್ಠ 8 ವರ್ಷ ಇಡಬೇಕು. ಹೆರಿಗೆಯದನ್ನು 25 ವರ್ಷ. ಮಕ್ಕಳದನ್ನು ಅವರಿಗೆ 25 ತುಂಬುವವರೆಗೆ. ಮಾನಸಿಕ ಆರೋಗ್ಯದ್ದನ್ನು 20 ವರ್ಷ. ಹೆಪಟೈಟಿಸ್ ಸಿ ಈ ಯಾವ ಲೆಕ್ಕಕ್ಕೂ ಒಗ್ಗುವ ಕಾಯಿಲೆಯಲ್ಲ. ಒಳಗೆ ಸೇರಿದ ಮೇಲೆ ಇಪ್ಪತ್ತು, ಮೂವತ್ತು ವರ್ಷ ಸದ್ದಿಲ್ಲದೆ ಇದ್ದು ಲಿವರನ್ನು ತಿನ್ನುತ್ತದೆ. 1979ರಲ್ಲಿ ರಸ್ತೆ ಅಪಘಾತವಾಗಿ ರಕ್ತ ಏರಿಸಿಕೊಂಡು ಅದೇ ವರ್ಷ ಗುಣವಾಗಿ ಹೋದ ಮನುಷ್ಯನ ಕಡತವನ್ನು 1987ರಲ್ಲಿ ಹರಿದುಹಾಕಲು ಅಡ್ಡಿಯಿರಲಿಲ್ಲ. ಆ ವೈರಸ್ಸನ್ನು ವಿಜ್ಞಾನಿಗಳು ಗುರುತಿಸಿದ್ದೇ 1989ರಲ್ಲಿ. 1978ರಲ್ಲಿ ಹೆರಿಗೆಯಾದ ಹೆಂಗಸಿನ ಕಡತದ 25 ವರ್ಷದ ಅವಧಿ 2003ಕ್ಕೆ ಮುಗಿಯಿತು. ಪರಿಹಾರ ನಿಧಿ ತೆರೆದದ್ದು 2004ರಲ್ಲಿ.

ಇದರ ಹಿಂದೆ ಒಂದು ದೊಡ್ಡ ಪಿತೂರಿಯನ್ನು ಹುಡುಕುವುದು ಸುಲಭ. ಅಲ್ಲಲ್ಲಿ ಅಂಥದ್ದು ಇತ್ತು ಕೂಡ. ಅದರ ಮಾತು ಮುಂದೆ ಬರುತ್ತದೆ. ಆದರೆ ಬಹುಪಾಲು ಕಡತಗಳನ್ನು ಕೊಂದದ್ದು ಜಾಗದ ಬಾಡಿಗೆ, ಗುಮಾಸ್ತರ ಕೊರತೆ, ಮತ್ತು ಕೆಲವು ವರ್ಷಕ್ಕೊಮ್ಮೆ ಆಸ್ಪತ್ರೆಗಳನ್ನು ಕೂಡಿಸಿ ಒಡೆದು ಮತ್ತೆ ಕೂಡಿಸುವ ಚಟ. ಈ ಕಥೆ ಶುರುವಾಗುವುದು 1948ರಲ್ಲಿ.

ಆ ವರ್ಷದ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ, ಅಂದರೆ ಎನ್‌ಎಚ್‌ಎಸ್, ಜಾರಿಗೆ ಬಂತು. ಇಂಗ್ಲೆಂಡ್ ಮತ್ತು ವೇಲ್ಸಿನ 2,688 ಆಸ್ಪತ್ರೆಗಳು ಒಂದೇ ದಿನ ಸರ್ಕಾರದ ಕೈಗೆ ಬಂದವು. ಅವುಗಳಲ್ಲಿ 1,143 ದಾನಧರ್ಮದಿಂದ ನಡೆಯುತ್ತಿದ್ದವು; 1,545 ನಗರಸಭೆ, ಜಿಲ್ಲಾ ಕೌನ್ಸಿಲುಗಳಿಗೆ ಸೇರಿದವು. ಜಗತ್ತು ಅಲ್ಲಿಯವರೆಗೆ ಕಂಡಿರದ ಆಸ್ಪತ್ರೆ ವಿಲೀನ ಅದು. ಕಟ್ಟಡ, ಹಾಸಿಗೆ, ಸಾಲ, ದತ್ತಿ ಹಣ ಎಲ್ಲದಕ್ಕೂ ಕಾನೂನಿನಲ್ಲಿ ಕಲಮುಗಳಿದ್ದವು. ಕಾಗದಗಳು ಕಟ್ಟಡದ ಜೊತೆಗೆ ಬಂದವು, ಅಷ್ಟೆ. ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆ ತನ್ನೊಂದಿಗೆ ಹನ್ನೆರಡನೆಯ ಶತಮಾನದಿಂದ ಕೂಡಿಟ್ಟ ದಾನಪತ್ರಗಳನ್ನು ತಂದಿತು. ಬಡವರ ದುಡಿಮೆ ಮನೆಗಳಿಗೆ ಅಂಟಿಕೊಂಡಿದ್ದ ಹಳೆಯ ಆಸ್ಪತ್ರೆಗಳು ದಾಖಲಾತಿ ರಿಜಿಸ್ಟರು, ಸಾವಿನ ರಿಜಿಸ್ಟರುಗಳನ್ನು ತಂದವು. ಯಾವ ಆಸ್ಪತ್ರೆಯಲ್ಲಿ ಏನಿದೆ ಎಂದು ಒಂದು ಪಟ್ಟಿ ಮಾಡಿಸುವ ಯೋಚನೆ ಯಾರಿಗೂ ಬರಲಿಲ್ಲ. ಯುದ್ಧ ಮುಗಿದು ಮೂರು ವರ್ಷವಾಗಿತ್ತು, ಬ್ರೆಡ್ಡಿಗೂ ಇನ್ನೂ ರೇಷನ್ ಇತ್ತು. ಯಾರನ್ನು ದೂರುವುದು?

ಹತ್ತು ವರ್ಷದ ನಂತರ 1958ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಬಂದಾಗ ಎನ್‌ಎಚ್‌ಎಸ್ ಆಸ್ಪತ್ರೆಗಳ ಕಾಗದಗಳೂ ಅದರ ವ್ಯಾಪ್ತಿಗೆ ಸೇರಿದವು. ಇದು ಸಣ್ಣ ವಿಷಯವಲ್ಲ. ಒಂದು ಪುಟ್ಟ ಊರಿನ ಹೆರಿಗೆ ವಾರ್ಡಿನ ರಿಜಿಸ್ಟರು ಕಾನೂನಿನ ಕಣ್ಣಿನಲ್ಲಿ ವಿದೇಶಾಂಗ ಕಚೇರಿಯ ಕಡತದ ಸಾಲಿಗೆ ಬಂದು ಕೂತಿತು. ಯಾವುದನ್ನು ಶಾಶ್ವತವಾಗಿ ಇಡಬೇಕೆಂದು ಆರಿಸಿ, 30 ವರ್ಷದೊಳಗೆ ಮಾನ್ಯತೆ ಪಡೆದ ಪತ್ರಾಗಾರಕ್ಕೆ ಒಪ್ಪಿಸುವುದು ಆಗ ಆಸ್ಪತ್ರೆಯ ಹೊಣೆಯಾಗಿತ್ತು. ಎಲ್ಲವನ್ನೂ ಲಂಡನ್ನಿಗೆ ಹೊರುವುದು ಆಗದ ಮಾತಾದ್ದರಿಂದ ಆಯಾ ಜಿಲ್ಲೆಯ ಪತ್ರಾಗಾರವೇ ಇಟ್ಟುಕೊಳ್ಳಬಹುದೆಂದು ಏರ್ಪಾಡಾಯಿತು. ಏರ್ಪಾಡು ಚೆನ್ನಾಗಿತ್ತು, ದುಡ್ಡು ಇರಲಿಲ್ಲ. ಆಸ್ಪತ್ರೆ ಆರೋಗ್ಯ ಇಲಾಖೆಯದು, ಪತ್ರಾಗಾರ ಸ್ಥಳೀಯ ಕೌನ್ಸಿಲಿನದು. ಮೊದಲನೆಯದರ ಕಾಗದವನ್ನು ಎರಡನೆಯದು ತನ್ನ ಖರ್ಚಿನಲ್ಲಿ ಕಾಪಾಡಬೇಕು. ಕೌನ್ಸಿಲುಗಳು ದಶಕಗಳ ಕಾಲ ಈ ಭಾರವನ್ನು ಹೊತ್ತವು ಎಂಬುದೇ ಆಶ್ಚರ್ಯ.

ಆಸ್ಪತ್ರೆಯೊಳಗೆ ಕಡತಗಳ ಬಾಳು ಹೇಗಿತ್ತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಮುಂದಿನದೆಲ್ಲ ಅಲ್ಲಿಂದಲೇ ಹುಟ್ಟುತ್ತದೆ. ರೋಗಿ ಮೊದಲ ಸಲ ಬಂದಾಗ ಒಂದು ನಂಬರು. ಆ ನಂಬರಿನ ಮೇಲೆ ಒಂದು ರಟ್ಟಿನ ಫೋಲ್ಡರು. ಹೆಸರಿನಿಂದ ನಂಬರು ಹುಡುಕಲು ಸಣ್ಣ ಕಾರ್ಡುಗಳ ಪೆಟ್ಟಿಗೆಗಳು. ಈ ಕಾರ್ಡುಗಳ ಸೂಚಿಯೇ ರೆಕಾರ್ಡ್ ರೂಮಿನ ಜೀವ. ಅದು ಹೋದರೆ ನೆಲಮಾಳಿಗೆಯಲ್ಲಿರುವುದು ಬರೀ ರದ್ದಿ. ಎರಡು ಆಸ್ಪತ್ರೆ ಕೂಡಿದಾಗ ಎರಡೂ ಕಡೆ ಒಂದೇ ನಂಬರಿನ ಇಬ್ಬರು ರೋಗಿಗಳು ಸಿಗುತ್ತಾರೆ, ಎರಡು ನಂಬರಿರುವ ಒಬ್ಬನೇ ರೋಗಿಯೂ ಸಿಗುತ್ತಾನೆ. ಅವನ್ನು ಹೊಂದಿಸಲು ಗುಮಾಸ್ತರು ತಿಂಗಳುಗಟ್ಟಲೆ ಕೂರಬೇಕು. ವಿಲೀನದ ಉದ್ದೇಶವೇ ಗುಮಾಸ್ತರನ್ನು ಕಡಿಮೆ ಮಾಡುವುದು ಆದಾಗ ಆ ಕೆಲಸ ನಿಂತಲ್ಲೇ ನಿಲ್ಲುತ್ತದೆ. ಹಳೆಯ ಆಸ್ಪತ್ರೆಯ ಸೂಚಿ ಹಳೆಯ ಕಟ್ಟಡದಲ್ಲಿ, ಫೋಲ್ಡರುಗಳು ಹೊಸ ಕಟ್ಟಡದಲ್ಲಿ. ಅಂಥ ಕಡತ ಸುಟ್ಟಿರುವುದಿಲ್ಲ, ಹರಿದಿರುವುದೂ ಇಲ್ಲ. ಸಿಗುವುದಿಲ್ಲ, ಅಷ್ಟೇ.

ಫೋಲ್ಡರು ದಪ್ಪವಾದಾಗ ತೆಳುವಾಗಿಸುತ್ತಿದ್ದರು. ಇಂಗ್ಲಿಷಿನಲ್ಲಿ ಈ ಕೆಲಸಕ್ಕಿರುವ ಮಾತು ತೋಟದ್ದು, ಕಳೆ ಕೀಳುವುದು. ವೈದ್ಯರ ಟಿಪ್ಪಣಿ, ಡಿಸ್ಚಾರ್ಜ್ ಪತ್ರ ಬೆಳೆ. ನರ್ಸುಗಳ ದಿನದ ಚಾರ್ಟು, ದ್ರವದ ಲೆಕ್ಕದ ಹಾಳೆ ಕಳೆ. ಆದರೆ ರಾತ್ರಿ ಎರಡು ಗಂಟೆಗೆ ಬಾಟಲಿ ಬದಲಿಸಿದ್ದನ್ನು ಬರೆಯುತ್ತಿದ್ದವರು ನರ್ಸು. ಆಪರೇಷನ್ ನಡುವೆ ಎಷ್ಟು ರಕ್ತ ಹೋಯಿತು, ಎಷ್ಟು ಕೊಟ್ಟರು ಎಂದು ಗುರುತಿಸಿಕೊಳ್ಳುತ್ತಿದ್ದವರು ಅರಿವಳಿಕೆ ವೈದ್ಯರು. ಡಿಸ್ಚಾರ್ಜ್ ಪತ್ರದಲ್ಲಿ ಆಪರೇಷನ್ನಿನ ಹೆಸರಿರುತ್ತಿತ್ತು, ರಕ್ತದ ಮಾತು ಇರಲೇಬೇಕೆಂದಿರಲಿಲ್ಲ. ಆ ಪತ್ರದ ಪ್ರತಿ ಕುಟುಂಬ ವೈದ್ಯರ ಬಳಿಗೆ ಹೋಗಿ, 1911ರ ವಿಮೆ ಕಾಯ್ದೆ ತಂದ ಮಂತ್ರಿಯ ಹೆಸರಿನಿಂದ ಕರೆಯುವ ‘ಲಾಯ್ಡ್ ಜಾರ್ಜ್ ಲಕೋಟೆ’ಯೊಳಗೆ ಮಡಚಿ ಸೇರುತ್ತಿತ್ತು. ಆ ಲಕೋಟೆ ಮಾತ್ರ ರೋಗಿ ಊರು ಬದಲಿಸಿದರೂ ಹಿಂದೆಯೇ ಹೋಗುತ್ತದೆ, ಜೀವಮಾನವಿಡೀ. ಹಾಗಾಗಿ ಆಸ್ಪತ್ರೆಯ ಕಡತ ಸತ್ತ ಮೇಲೂ ಎಷ್ಟೋ ಜನರ ಬಳಿ ಆಪರೇಷನ್ ಆಯಿತೆಂಬ ಪುರಾವೆ ಉಳಿಯಿತು. ರಕ್ತ ಕೊಟ್ಟರೆಂಬ ಪುರಾವೆ ಉಳಿಯಲಿಲ್ಲ.

1974ರಲ್ಲಿ ಎನ್‌ಎಚ್‌ಎಸ್ಸಿನ ಮೊದಲ ದೊಡ್ಡ ಪುನರ್ರಚನೆ. ಬೋಧನಾ ಆಸ್ಪತ್ರೆಗಳಲ್ಲಿ ಬಹುತೇಕವು ತಮ್ಮ ಸ್ವಂತ ಆಡಳಿತ ಮಂಡಳಿಗಳನ್ನು ಕಳೆದುಕೊಂಡು ಪ್ರದೇಶವಾರು ಪ್ರಾಧಿಕಾರಗಳ ಕೆಳಗೆ ಬಂದವು. 1982ರಲ್ಲಿ ಆ ಹಂತವನ್ನೇ ತೆಗೆದರು. 1990ರ ಕಾಯ್ದೆ ಆಸ್ಪತ್ರೆಗಳನ್ನು ‘ಟ್ರಸ್ಟ್’ಗಳನ್ನಾಗಿ ಮಾಡಿತು. 2002ರಲ್ಲಿ ಪ್ರೈಮರಿ ಕೇರ್ ಟ್ರಸ್ಟ್‌ಗಳು 303 ಇದ್ದವು, 2006ರಲ್ಲಿ ಅವನ್ನು 152ಕ್ಕೆ ಇಳಿಸಿದರು, 2013ರಲ್ಲಿ ಪೂರ್ತಿ ಮುಚ್ಚಿದರು. ಪ್ರತಿ ಸಲವೂ ಹಳೆಯ ಸಂಸ್ಥೆಯ ಆಸ್ತಿ, ಸಾಲ, ನೌಕರರು ಯಾರಿಗೆ ಎಂದು ವರ್ಗಾವಣೆ ಪಟ್ಟಿಗಳಾದವು. ಕಡತಗಳ ಸಾಲು ಆ ಪಟ್ಟಿಗಳ ಕೊನೆಯಲ್ಲಿ ಬರುತ್ತಿತ್ತು, ಬಂದರೆ.

ಇವೆಲ್ಲದರಲ್ಲಿ ಕಡತಗಳಿಗೆ ಅತಿ ಹೆಚ್ಚು ಪೆಟ್ಟು ಕೊಟ್ಟ ಬದಲಾವಣೆ ಇತಿಹಾಸಕಾರರ ಕಣ್ಣಿಗೆ ಅಷ್ಟಾಗಿ ಬಿದ್ದಿಲ್ಲ, ಏಕೆಂದರೆ ಅದು ಲೆಕ್ಕಪತ್ರದ್ದು. 1991ರವರೆಗೆ ಆಸ್ಪತ್ರೆಯ ಕಟ್ಟಡ, ಜಾಗ ಆಸ್ಪತ್ರೆಗೆ ಪುಕ್ಕಟೆ. ಆ ವರ್ಷದಿಂದ ಬಂಡವಾಳ ಶುಲ್ಕ ಬಂತು: ಟ್ರಸ್ಟ್‌ಗಳು ತಮ್ಮ ಸ್ಥಿರಾಸ್ತಿಯ ಬೆಲೆಯ ಮೇಲೆ ಶೇಕಡಾ 6ರಷ್ಟು ಪ್ರತಿಫಲ ತೋರಿಸಬೇಕು. ರಾತ್ರಿ ಬೆಳಗಾಗುವುದರೊಳಗೆ ನೆಲಮಾಳಿಗೆಗೂ ಬೆಲೆ ಬಂತು. ಅದರಲ್ಲಿ ಫೋಲ್ಡರು ಇಟ್ಟರೆ ಏನೂ ಹುಟ್ಟುವುದಿಲ್ಲ, ಸ್ಕ್ಯಾನಿಂಗ್ ಯಂತ್ರ ಇಟ್ಟರೆ ಹುಟ್ಟುತ್ತದೆ. ಕಡತಗಳು ಊರಾಚೆಯ ಖಾಸಗಿ ಗೋದಾಮಿಗೆ ಹೋದವು; ಅಲ್ಲಿ ಪೆಟ್ಟಿಗೆಗೆ ಇಷ್ಟೆಂದು ಬಾಡಿಗೆ, ಹೊರಗೆ ತೆಗೆಸಿದರೆ ಮತ್ತೆ ಶುಲ್ಕ. ಹೀಗೆ ತಿಂಗಳ ಬಿಲ್ಲಾಗಿ ಬಂದ ಮೇಲೆ ಕನಿಷ್ಠ 8 ವರ್ಷ ಎಂಬ ನಿಯಮ ಗರಿಷ್ಠ 8 ವರ್ಷವಾಗಿ ಓದಿಸಿಕೊಳ್ಳತೊಡಗಿತು. ಯಾವ ಮ್ಯಾನೇಜರೂ ಕೆಟ್ಟವನಾಗಬೇಕಿರಲಿಲ್ಲ. ನರ್ಸಿನ ಸಂಬಳವೋ ಗೋದಾಮಿನ ಬಾಡಿಗೆಯೋ ಎಂದು ಕೇಳಿದರೆ ಯಾರಾದರೂ ನರ್ಸಿನ ಕಡೆಗೇ ಕೈ ತೋರಿಸುತ್ತಾರೆ.

ಹಳೆಯ, ಸಿರಿವಂತ ಆಸ್ಪತ್ರೆಗಳ ಕಥೆ ಬೇರೆ. 1992ರಲ್ಲಿ ಟಾಮ್ಲಿನ್ಸನ್ ವರದಿ ಲಂಡನ್ನಿನಲ್ಲಿ ಹಾಸಿಗೆಗಳು ಜಾಸ್ತಿಯಾಗಿವೆ ಎಂದು, 1123ರಲ್ಲಿ ಹುಟ್ಟಿದ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯನ್ನೇ ಮುಚ್ಚುವ ಮಾತಾಡಿತು. ಊರು ಎದ್ದು ನಿಂತಿತು, ಲಕ್ಷಗಟ್ಟಲೆ ಸಹಿ ಬಿದ್ದವು. ಕೊನೆಗೆ 1994ರಲ್ಲಿ ಅದನ್ನು ವೈಟ್‌ಚಾಪೆಲ್‌ನ ರಾಯಲ್ ಲಂಡನ್ ಆಸ್ಪತ್ರೆಯ ಜೊತೆ ಒಂದೇ ಟ್ರಸ್ಟಿಗೆ ಸೇರಿಸಿದರು. 2012ರಲ್ಲಿ ಇನ್ನೆರಡು ಟ್ರಸ್ಟ್‌ಗಳು ಕೂಡಿ ಅದು ಬಾರ್ಟ್ಸ್ ಹೆಲ್ತ್ ಆಯಿತು, ದೇಶದ ಅತಿ ದೊಡ್ಡ ಆಸ್ಪತ್ರೆ ಟ್ರಸ್ಟ್‌ಗಳಲ್ಲೊಂದು, ಸಾಲದಲ್ಲೂ ದೊಡ್ಡದೇ. ಇಷ್ಟೆಲ್ಲ ಆದರೂ 1137ರ ದಾನಪತ್ರದಿಂದ ಹಿಡಿದು ಅದರ ದಾಖಲೆಗಳು ಉಳಿದವು. ಕಾರಣ ಸೀದಾ: ಎರಡೂ ಆಸ್ಪತ್ರೆಗಳಲ್ಲಿ ಹಳೆಯ ಕಾಗದಕ್ಕೆಂದೇ ಸಂಬಳ ಪಡೆಯುವ ಆರ್ಕೈವಿಸ್ಟ್‌ಗಳಿದ್ದರು. ವಿಲೀನದ ಸಭೆಯಲ್ಲಿ ಕಡತದ ಪರವಾಗಿ ಮಾತಾಡಲು ಒಬ್ಬರಿದ್ದರೆ ಸಾಕು. ಅದೇ ಟ್ರಸ್ಟಿಗೆ ಸೇರಿದ ಸಾಮಾನ್ಯ ಜಿಲ್ಲಾ ಆಸ್ಪತ್ರೆಗಳಿಗೆ ಆ ಭಾಗ್ಯ ಬಂದದ್ದು ದೊಡ್ಡಣ್ಣನ ಮನೆ ಸೇರಿದ ಮೇಲೆ. ವಿಲೀನದಿಂದ ಕಡತಗಳಿಗೆ ಯಾವಾಗಲೂ ನಷ್ಟವೇ ಎನ್ನುವವರು ಈ ಉದಾಹರಣೆಯನ್ನೂ ಇಟ್ಟುಕೊಳ್ಳಬೇಕು.

ಹುಚ್ಚಾಸ್ಪತ್ರೆಗಳಿಗೆ ಅಂಥ ವಕೀಲರು ಕಡಿಮೆ. 1961ರಲ್ಲಿ ಆರೋಗ್ಯ ಮಂತ್ರಿ ಇನಾಕ್ ಪವೆಲ್ ಆ ದೈತ್ಯ ಕಟ್ಟಡಗಳ ಕಾಲ ಮುಗಿಯಿತು, ಹದಿನೈದು ವರ್ಷದಲ್ಲಿ ಹಾಸಿಗೆಗಳನ್ನು ಅರ್ಧಕ್ಕಿಳಿಸಬೇಕು ಎಂದು ಘೋಷಿಸಿದರು. ನಿಜವಾಗಿ ಬಾಗಿಲು ಮುಚ್ಚತೊಡಗಿದ್ದು 1980ರ ದಶಕದಲ್ಲಿ. ರೋಗಿಗಳ ದೃಷ್ಟಿಯಿಂದ ಒಳ್ಳೆಯದೇ ಆಯಿತೆಂದು ಹೇಳಬಹುದು. ಆದರೆ ಆ ಕಟ್ಟಡಗಳ ಮಾಳಿಗೆಗಳಲ್ಲಿ ನೂರೈವತ್ತು ವರ್ಷದ ರೋಗಿಗಳ ಪುಸ್ತಕಗಳಿದ್ದವು: ಪ್ರತಿ ರೋಗಿಗೆ ಒಂದೆರಡು ಪುಟ, ಎಷ್ಟೋ ಕಡೆ ಫೋಟೊ ಸಮೇತ. ಜಾಗವನ್ನು ಬಿಲ್ಡರುಗಳಿಗೆ ಮಾರುವ ದಿನಾಂಕ ಗೊತ್ತಾದ ಮೇಲೆ ಪತ್ರಾಗಾರದವರಿಗೆ ಫೋನು ಹೋಗುತ್ತಿತ್ತು, ಕೆಲವೆಡೆ ಅದೂ ಇಲ್ಲ. 1818ರಲ್ಲಿ ಶುರುವಾದ ವೇಕ್‌ಫೀಲ್ಡ್‌ನ ವೆಸ್ಟ್ ರೈಡಿಂಗ್ ಆಸ್ಪತ್ರೆಯ ಪುಸ್ತಕಗಳು ಉಳಿದು, ಯುನೆಸ್ಕೊದ ಬ್ರಿಟನ್ ಸ್ಮೃತಿ ಪಟ್ಟಿಯಲ್ಲೂ ಸೇರಿವೆ. ಇಪ್ಪತ್ತನೆಯ ಶತಮಾನದ ಫೋಲ್ಡರುಗಳದೇ ತೊಂದರೆ, ಅವು ತೀರಾ ಜಾಸ್ತಿ. ಪತ್ರಾಗಾರಗಳು ಮಾದರಿ ಆರಿಸಿಕೊಳ್ಳುವ ದಾರಿ ಹಿಡಿದವು. ಹತ್ತರಲ್ಲೊಂದು ಫೋಲ್ಡರು, ಇಲ್ಲವೇ ಒಂದು ಅಕ್ಷರದಿಂದ ಶುರುವಾಗುವ ಅಡ್ಡಹೆಸರುಗಳು ಮಾತ್ರ. ಸಂಶೋಧಕರಿಗೆ ಇದು ಸಾಕು. ತನ್ನ ಅಜ್ಜಿ ನಲವತ್ತು ವರ್ಷ ಒಳಗೆ ಯಾಕಿದ್ದಳು ಎಂದು ಹುಡುಕಿಕೊಂಡು ಬರುವ ಮೊಮ್ಮಗಳಿಗೆ ಹತ್ತರಲ್ಲೊಂದು ಎಂಬುದರಿಂದ ಏನು ಪ್ರಯೋಜನ?

ಬೆಂಗಳೂರಿನ ನಿಮ್ಹಾನ್ಸ್ ಕೂಡ ಹುಟ್ಟಿದ್ದು ವಿಲೀನದಿಂದಲೇ. ಮೈಸೂರು ಸಂಸ್ಥಾನದ ಕಾಲದ ಮಾನಸಿಕ ಆಸ್ಪತ್ರೆಯನ್ನೂ ಕೇಂದ್ರ ಸರ್ಕಾರದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನೂ 1974ರ ಡಿಸೆಂಬರಿನಲ್ಲಿ ಕೂಡಿಸಿದರು. ಹಳೆಯ ಆಸ್ಪತ್ರೆಯ ಕಾಗದಗಳಲ್ಲಿ ಉಳಿದವನ್ನು ಅಲ್ಲಿನ ವೈದ್ಯರೇ ಓದಿ ಇತಿಹಾಸ ಬರೆದಿದ್ದಾರೆ, ಒಂದು ವಸ್ತುಸಂಗ್ರಹಾಲಯವೂ ಇದೆ. ನಮ್ಮಲ್ಲಿ ಸಾಮಾನ್ಯ ರೋಗಿಯ ಮಾತು ಮಾತ್ರ ಬೇರೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ವೈದ್ಯರು ಒಳರೋಗಿಗಳ ದಾಖಲೆಯನ್ನು 3 ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎನ್ನುತ್ತದೆ. ಫೈಲು, ಎಕ್ಸ್‌ರೇ, ಸ್ಕ್ಯಾನ್ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬೀರುವಿನ ಮೇಲಿಡುವ ನಮ್ಮ ಮನೆಗಳ ಅಭ್ಯಾಸದ ಹಿಂದೆ ಒಂದು ಅನುಭವವಿದೆ. ಬ್ರಿಟನ್ನಿನ ರೋಗಿಗೆ ಆ ಅಭ್ಯಾಸ ಇರಲಿಲ್ಲ. ಎಲ್ಲವೂ ಆಸ್ಪತ್ರೆಯಲ್ಲಿದೆ ಎಂದು ಅವರು ನಂಬಿದ್ದರು, ನಂಬಿ ಎಂದು ಹೇಳಿದ್ದೂ ಸರ್ಕಾರವೇ.

ಎಲ್ಲಿ ಏನು ಉಳಿದಿದೆ ಎಂಬ ಪಟ್ಟಿ ಕೊನೆಗೂ ಆಯಿತು. ವೆಲ್‌ಕಮ್ ಸಂಸ್ಥೆಯೂ ರಾಷ್ಟ್ರೀಯ ಪತ್ರಾಗಾರವೂ ಸೇರಿ 1980ರ ದಶಕದ ಕೊನೆಯಿಂದ ಸಮೀಕ್ಷೆ ನಡೆಸಿ, 2,800ಕ್ಕೂ ಹೆಚ್ಚು ಆಸ್ಪತ್ರೆಗಳ ದಾಖಲೆಗಳು ಎಲ್ಲಿವೆ ಎಂದು ತೋರಿಸುವ ಒಂದು ಸೂಚಿ ಮಾಡಿದವು. ಆಸ್ಪತ್ರೆಯ ಹಳೆಯ ಹೆಸರು, ನಡುವಿನ ಹೆಸರು, ಈಗಿನ ಹೆಸರು ಮೂರೂ ಅದರಲ್ಲಿವೆ. ಎಷ್ಟೋ ಕಡತಗಳು ಕಳೆದದ್ದು ಹೆಸರು ಬದಲಾದ್ದರಿಂದ ಎಂಬುದು ಗೊತ್ತಿದ್ದವರು ಮಾಡಿದ ಕೆಲಸ.

ಮತ್ತೆ ರಕ್ತದ ವಿಷಯಕ್ಕೆ. 1995ರಲ್ಲಿ ಆರೋಗ್ಯ ಇಲಾಖೆ ಹಿಂದಿರುಗಿ ಹುಡುಕುವ ಒಂದು ಕಾರ್ಯಕ್ರಮ ಶುರುಮಾಡಿತು. ಈಗ ಹೆಪಟೈಟಿಸ್ ಸಿ ಇದೆಯೆಂದು ಗೊತ್ತಾದ ದಾನಿ ಈ ಹಿಂದೆಯೂ ರಕ್ತ ಕೊಟ್ಟಿರಬಹುದು. ಆ ರಕ್ತ ಯಾರ ಮೈಗೆ ಹೋಯಿತು? ಸರಪಳಿಗೆ ಮೂರು ಕೊಂಡಿ. ರಕ್ತ ಕೇಂದ್ರದಲ್ಲಿ ದಾನದ ನಂಬರು, ಆ ನಂಬರಿನ ಬಾಟಲಿ ಯಾವ ಆಸ್ಪತ್ರೆಗೆ ಹೋಯಿತೆಂಬ ಲೆಕ್ಕ. ಆಸ್ಪತ್ರೆಯ ರಕ್ತ ಭಂಡಾರದ ರಿಜಿಸ್ಟರಿನಲ್ಲಿ ಅದೇ ನಂಬರು, ಯಾವ ರೋಗಿಗೆ ಕೊಟ್ಟರೆಂಬ ಹೆಸರು. ಕೊನೆಗೆ ಆ ರೋಗಿಯ ಫೋಲ್ಡರು, ಏರಿಸಿದರೋ ಬಿಟ್ಟರೋ ಎಂಬ ಗುರುತು, ಮನೆಯ ವಿಳಾಸ. ರಕ್ತ ಕೇಂದ್ರಗಳ ಲೆಕ್ಕ ಹಲವೆಡೆ ಚೆನ್ನಾಗಿತ್ತು. ನಡುವಿನ ಕೊಂಡಿ ಮತ್ತು ಕೊನೆಯ ಕೊಂಡಿ ಆಸ್ಪತ್ರೆಗಳ ಕೈಯಲ್ಲಿದ್ದವು, ಅಲ್ಲಿ ಕಳಚಿಕೊಂಡವು. ಸೋಂಕಿದ ಬಾಟಲಿಯ ನಂಬರು ಗೊತ್ತಿದ್ದೂ ಅದನ್ನು ಪಡೆದವರ ಹೆಸರು ಗೊತ್ತಾಗದೆ ಎಷ್ಟೋ ಹುಡುಕಾಟಗಳು ನಿಂತವು. ಆ ಜನ ತಮ್ಮ ರೋಗವನ್ನು ಅರಿಯದೆ ಇನ್ನೂ ಹತ್ತು ಹದಿನೈದು ವರ್ಷ ಬಾಳಿದರು, ಇಲ್ಲವೇ ಬಾಳಲಿಲ್ಲ.

ಹಿಮೋಫೀಲಿಯಾ ರೋಗಿಗಳಿಗೆ ಕಷ್ಟವಾಗಲಿಲ್ಲ ಎಂದದ್ದರ ಕಾರಣವೂ ಇಲ್ಲೇ ಇದೆ. ಅವರನ್ನು ನೋಡುವ ವಿಶೇಷ ಕೇಂದ್ರಗಳ ವೈದ್ಯರು 1960ರ ದಶಕದ ಕೊನೆಯಿಂದಲೇ ದೇಶಕ್ಕೆಲ್ಲ ಒಂದೇ ದಾಖಲೆ ಪಟ್ಟಿಯನ್ನು ಇಟ್ಟುಕೊಂಡು ಬಂದಿದ್ದರು. ಆಸ್ಪತ್ರೆ ಯಾರದಾದರೇನು, ಆ ಪಟ್ಟಿ ಮುಂದುವರಿಯಿತು. ಅದರಿಂದಾಗಿಯೇ ರಕ್ತಸ್ರಾವದ ಕಾಯಿಲೆಯವರಲ್ಲಿ ಸುಮಾರು 1,250 ಜನರಿಗೆ ಎಚ್‌ಐವಿ ತಗುಲಿತು, ಅವರಲ್ಲಿ ಸುಮಾರು 380 ಮಕ್ಕಳು ಎಂದು ಹೇಳಲು ಆಗುತ್ತದೆ. ರಕ್ತ ಏರಿಸಿಕೊಂಡು ಹೆಪಟೈಟಿಸ್ ಸಿ ಅಂಟಿಸಿಕೊಂಡವರು? ಸರ್ ಬ್ರಯನ್ ಲ್ಯಾಂಗ್‌ಸ್ಟಾಫ್ ಅಧ್ಯಕ್ಷತೆಯ ವಿಚಾರಣಾ ಆಯೋಗಕ್ಕೆ ಸಂಖ್ಯಾಶಾಸ್ತ್ರಜ್ಞರು ಕೊಟ್ಟ ಅಂಕಿ 26,800. ಅದು ಎಣಿಸಿ ಬಂದದ್ದಲ್ಲ, ದಾನಿಗಳಲ್ಲಿದ್ದ ಸೋಂಕಿನ ಪ್ರಮಾಣದಿಂದ ಹಿಂದಕ್ಕೆ ಲೆಕ್ಕ ಹಾಕಿ ಬಂದದ್ದು. ಅಂದಾಜಿನ ಕೆಳತುದಿಗೂ ಮೇಲ್ತುದಿಗೂ ಸಾವಿರಾರು ಜನರ ಅಂತರ. ಒಂದು ಸಣ್ಣ ಪಟ್ಟಣದ ಜನಸಂಖ್ಯೆಯಷ್ಟು ರೋಗಿಗಳು ಊಹೆಯಾಗಿ ಮಾತ್ರ ಉಳಿದಿದ್ದಾರೆ.

2024ರ ಮೇ 20ರಂದು ಹೊರಬಂದ ಆ ಆಯೋಗದ ವರದಿ ಏಳು ಸಂಪುಟಗಳದು. 30,000ಕ್ಕೂ ಹೆಚ್ಚು ಜನರಿಗೆ ಸೋಂಕು, ಸುಮಾರು 3,000 ಸಾವು, ಇದರಲ್ಲಿ ಹೆಚ್ಚಿನದನ್ನು ತಪ್ಪಿಸಬಹುದಿತ್ತು ಎಂಬುದು ಅದರ ತೀರ್ಮಾನ. ಕಡತಗಳ ವಿಚಾರದಲ್ಲಿ ವರದಿ ಎರಡು ಬೇರೆ ಕಥೆಗಳನ್ನು ಹೇಳುತ್ತದೆ, ಅವನ್ನು ಬೆರೆಸದಿರುವುದು ಒಳ್ಳೆಯದು. ಒಂದು ಲಂಡನ್ನಿನ ಆರೋಗ್ಯ ಇಲಾಖೆಯದು. ರಕ್ತದ ವೈರಸ್ ಸುರಕ್ಷತೆ ಬಗ್ಗೆ ಸಲಹೆ ಕೊಡುತ್ತಿದ್ದ ಸಮಿತಿಯ ಕಡತಗಳ ಬಹುತೇಕ ಸಂಪುಟಗಳು 1994 ಮತ್ತು 1998ರ ನಡುವೆ ನಾಶವಾದವು. ಪರೀಕ್ಷೆ ಶುರುಮಾಡಲು ತಡವಾದದ್ದಕ್ಕೆ ಸಂಬಂಧಿಸಿದ ಕಡತಗಳನ್ನು 1993ರಲ್ಲೇ ನಾಶಕ್ಕೆ ಗುರುತಿಸಿದ್ದರು. ಇದರಲ್ಲಿ ಸತ್ಯ ಹೊರಬರುವುದನ್ನು ಕಷ್ಟವಾಗಿಸುವ ಉದ್ದೇಶವಿತ್ತೆಂದು ಲ್ಯಾಂಗ್‌ಸ್ಟಾಫ್ ಕಂಡರು. ಇನ್ನೊಂದು ಊರೂರಿನ ಆಸ್ಪತ್ರೆಗಳದು. ಅಲ್ಲಿ ಬಹುಮಟ್ಟಿಗೆ ನಡೆದದ್ದು ದಿನನಿತ್ಯದ ವಿಲೇವಾರಿ. ಕಡತ ಸಿಗದ ರೋಗಿಗೆ ಈ ವ್ಯತ್ಯಾಸ ಕಾಣುವುದು ಹೇಗೆ? ಒಂದು ಕಡೆ ಮುಚ್ಚಿಟ್ಟರೆಂದು ಗೊತ್ತಾದ ಮೇಲೆ ಎಲ್ಲ ಕಡೆಯೂ ಮುಚ್ಚಿಟ್ಟರೆಂದೇ ಅನಿಸುತ್ತದೆ. ಬಜೆಟ್ ಉಳಿಸಲು ಹರಿದ ಕಾಗದಕ್ಕೆ ಪಿತೂರಿಯ ಬಣ್ಣ ಬಂತು, ಪಿತೂರಿ ಮಾಡಿದವರಿಗೆ ಬಜೆಟ್ಟಿನ ನೆಪ ಸಿಕ್ಕಿತು.

ಕಂಪ್ಯೂಟರ್ ಬಂದ ಮೇಲೆ ಇದೆಲ್ಲ ಹಳೆಯ ಮಾತು ಎನ್ನುವವರಿಗೆ ಎರಡು ಘಟನೆ. 2002ರಲ್ಲಿ ಎಲ್ಲ ರೋಗಿಗಳ ದಾಖಲೆಯನ್ನೂ ಒಂದೇ ಜಾಲಕ್ಕೆ ತರುವ ರಾಷ್ಟ್ರೀಯ ಯೋಜನೆ ಶುರುವಾಯಿತು; ಸಾವಿರ ಕೋಟಿ ಪೌಂಡಿನ ಹತ್ತಿರ ಖರ್ಚಿನ ಲೆಕ್ಕ ತೋರಿಸಿ 2011ರಲ್ಲಿ ಅದನ್ನು ಬಿಚ್ಚಿಹಾಕಿದರು. ಎರಡನೆಯದು ಕಾಗದದ್ದೇ. ರೋಗಿ ವೈದ್ಯರನ್ನು ಬದಲಿಸಿದಾಗ ಹಳೆಯ ವಿಳಾಸಕ್ಕೆ ಬಂದ ಪತ್ರಗಳನ್ನು ಹೊಸ ವೈದ್ಯರಿಗೆ ಕಳಿಸುವ ಕೆಲಸ ಮೊದಲು ಸ್ಥಳೀಯ ಪ್ರೈಮರಿ ಕೇರ್ ಟ್ರಸ್ಟ್‌ಗಳದಾಗಿತ್ತು. ಇಂಗ್ಲೆಂಡಿನ ಮೂರು ಭಾಗಗಳಲ್ಲಿ ಅದು ಎನ್‌ಎಚ್‌ಎಸ್ ಶೇರ್ಡ್ ಬಿಸಿನೆಸ್ ಸರ್ವಿಸಸ್ ಎಂಬ ಕಂಪನಿಯ ಕೈಗೆ ಬಂತು. ಅದರಲ್ಲಿ ಆರೋಗ್ಯ ಇಲಾಖೆಯದೂ ಪಾಲಿತ್ತು. 2011ರಿಂದ 2016ರವರೆಗೆ ಸುಮಾರು 7,09,000 ಪತ್ರಗಳು ಮುಂದಕ್ಕೆ ಹೋಗದೆ ರಾಶಿ ಬಿದ್ದಿದ್ದವು ಎಂದು ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2017ರ ಜೂನಿನಲ್ಲಿ ವರದಿ ಮಾಡಿತು. ಅವುಗಳಲ್ಲಿ ಪರೀಕ್ಷೆಯ ಫಲಿತಾಂಶಗಳೂ ಚಿಕಿತ್ಸೆಯ ಸೂಚನೆಗಳೂ ಇದ್ದವು.

ಕಾನೂನು ಒಂದು ಪಾಠ ಕಲಿತಿದೆ. ಯುರೋಪಿನ ನಿರ್ದೇಶನದಂತೆ 2005ರಲ್ಲಿ ಬಂದ ರಕ್ತ ಸುರಕ್ಷತಾ ನಿಯಮಗಳು, ಒಂದೊಂದು ಬಾಟಲಿ ರಕ್ತವೂ ಯಾರಿಂದ ಬಂದು ಯಾರಿಗೆ ಹೋಯಿತೆಂಬ ಮಾಹಿತಿಯನ್ನು 30 ವರ್ಷ ಇಡಬೇಕೆನ್ನುತ್ತವೆ. ರೋಗಿಯ ಉಳಿದ ಕಡತಕ್ಕೆ ಅದೇ 8 ವರ್ಷ. ಆಯೋಗ ಕೆಲಸ ಮಾಡುತ್ತಿದ್ದಾಗ ಸಂಬಂಧಪಟ್ಟ ಯಾವ ದಾಖಲೆಯನ್ನೂ ನಾಶಮಾಡಬಾರದೆಂದು ಆಸ್ಪತ್ರೆಗಳಿಗೆ ಆದೇಶವಿತ್ತು. ಯಾವುದು ಸಂಬಂಧಪಟ್ಟದ್ದು ಎಂದು ತೆಗೆದು ನೋಡದೆ ತಿಳಿಯುವುದಿಲ್ಲ, ತೆಗೆದು ನೋಡಲು ಜನವಿಲ್ಲ. ಹಾಗಾಗಿ ಏನನ್ನೂ ಮುಟ್ಟದೆ ಇಡುವುದೇ ಸುಲಭದ ದಾರಿ. ಆಗ ಗೋದಾಮಿನ ಬಿಲ್ಲು ಬೆಳೆಯುತ್ತದೆ, ಅದನ್ನು ಭರಿಸಲು ಬೇರೆ ಅನುದಾನ ಇರುವುದಿಲ್ಲ.

2024ರ ಅಕ್ಟೋಬರಿನ ಬಜೆಟ್ಟಿನಲ್ಲಿ ಬ್ರಿಟನ್ ಸರ್ಕಾರ ರಕ್ತದ ಸಂತ್ರಸ್ತರ ಪರಿಹಾರಕ್ಕೆಂದು 1,180 ಕೋಟಿ ಪೌಂಡ್ ತೆಗೆದಿರಿಸಿತು. ಹೊಸ ಪರಿಹಾರ ಪ್ರಾಧಿಕಾರ ಅರ್ಜಿದಾರರ ಜೊತೆಗೂಡಿ ತಾನೂ ದಾಖಲೆ ಹುಡುಕಬೇಕು. ಮುಂದಿನ ವರ್ಷದ ಮಾರ್ಚಿನಲ್ಲಿ, ಎನ್‌ಎಚ್‌ಎಸ್ ಇಂಗ್ಲೆಂಡ್ ಎಂಬ ಮೇಲಿನ ಸಂಸ್ಥೆಯನ್ನು ಮುಚ್ಚಿ ಆರೋಗ್ಯ ಇಲಾಖೆಯೊಳಗೆ ಸೇರಿಸಿಕೊಳ್ಳುವುದಾಗಿ ಅದೇ ಸರ್ಕಾರ ಪ್ರಕಟಿಸಿತು. ಕೆಳಗಿನ 42 ಸ್ಥಳೀಯ ಆರೋಗ್ಯ ಮಂಡಳಿಗಳಿಗೆ ಆಡಳಿತದ ಖರ್ಚನ್ನು ಅರ್ಧಕ್ಕಿಳಿಸಲು ಸೂಚನೆ ಹೋಯಿತು, ಅವು ಒಂದರೊಳಗೊಂದು ಸೇರುವ ಮಾತುಕತೆಯೂ ಶುರುವಾಯಿತು. ಆಸ್ಪತ್ರೆಗಳ ರೆಕಾರ್ಡ್ ರೂಮುಗಳಲ್ಲಿ ಉಳಿದಿರುವ ಗುಮಾಸ್ತರು ಸದ್ಯ ಎರಡು ಕೆಲಸ ಒಟ್ಟಿಗೆ ಮಾಡುತ್ತಿದ್ದಾರೆ: ಹಳೆಯ ಹೆಸರಿನ ಆಸ್ಪತ್ರೆಯ ಪೆಟ್ಟಿಗೆಗಳಲ್ಲಿ ರಕ್ತದ ಚೀಟಿ ಹುಡುಕುವುದು, ಆ ಪೆಟ್ಟಿಗೆಗಳ ಮೇಲೆ ಹೊಸ ಹೆಸರು ಬರೆಯುವುದು.